ಯಾವಾಗ ಶುರುವಾಯಿತು?

ನಾನು ನ್ಯೂರಾಲಜಿಸ್ಟ್, ಅಂದರೆ ಮೆದುಳು ಮತ್ತು ನರಗಳ ಕಾಯಿಲೆ ನೋಡುವ ಡಾಕ್ಟರ್. ನಮ್ಮ ಹತ್ತಿರ ಯಾವಾಗ ಬರಬೇಕು ಅನ್ನುವ ಬಗ್ಗೆ ತಾಲ್ಲೂಕು ಗ್ರಂಥಾಲಯದ ಸಭಾಂಗಣದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳು ಇವು. ಬರೆಯುವಾಗ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಹಾಗೇ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಒಂದು ಪದದಿಂದ ಶುರು ಮಾಡುತ್ತೇನೆ. ನರ. ಕನ್ನಡದಲ್ಲಿ ಈ ಪದಕ್ಕೆ ಕೆಲಸ ಜಾಸ್ತಿ. ಡ್ರಿಪ್ ಹಾಕಲು ಬಂದ ನರ್ಸ್ "ನರ ಸಿಗ್ತಿಲ್ಲ" ಅನ್ನುತ್ತಾರೆ. ಅಲ್ಲಿ ನರ ಅಂದರೆ ರಕ್ತನಾಳ. ಕಾಲಿನಲ್ಲಿ ನೀಲಿಯಾಗಿ ಉಬ್ಬಿದ್ದನ್ನೂ ನರ ಅನ್ನುತ್ತೇವೆ. ಅದೂ ರಕ್ತನಾಳವೇ. ಹಿಮ್ಮಡಿಯ ಮೇಲೆ ಗಟ್ಟಿ ಹಗ್ಗದ ಹಾಗೆ ಕೈಗೆ ಸಿಗುವುದೂ ನಮಗೆ ನರವೇ. ಅದು ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಪಟ್ಟಿ. ಒಂದೇ ಪದ ಇಷ್ಟೆಲ್ಲವನ್ನೂ ಹೊತ್ತಿರುವುದರಿಂದ ಜನಕ್ಕೆ ಗೊಂದಲ ಆಗುತ್ತದೆ. ಕಾಲಿನ ನರ ಉಬ್ಬಿದವರು ದೂರದಿಂದ ಬಸ್ ಹಿಡಿದು ನನ್ನ ಹತ್ತಿರ ಬರುತ್ತಾರೆ. ನನ್ನ ಹತ್ತಿರ ಬರಲೇಬೇಕಾದವರು ಮನೆಯಲ್ಲೇ ಉಳಿದಿರುತ್ತಾರೆ.

ನ್ಯೂರಾಲಜಿಸ್ಟ್ ನೋಡುವುದು ಮೆದುಳನ್ನು, ಬೆನ್ನುಹುರಿಯನ್ನು, ಅಲ್ಲಿಂದ ಕೈಕಾಲಿಗೆ ಸುದ್ದಿ ಒಯ್ಯುವ ನರಗಳನ್ನು, ಆ ನರ ಹೇಳಿದ ಹಾಗೆ ಕೇಳುವ ಮಾಂಸಖಂಡವನ್ನು. ಔಷಧಿ ಕೊಡುತ್ತೇವೆ, ಆಪರೇಷನ್ ಮಾಡುವುದಿಲ್ಲ. ಆಪರೇಷನ್ ಮಾಡುವವರು ನ್ಯೂರೋಸರ್ಜನ್. ಮನಸ್ಸಿನ ಕಾಯಿಲೆ ನೋಡುವವರು ಸೈಕಿಯಾಟ್ರಿಸ್ಟ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಮೂವರೂ ಒಂದೇ ಆವರಣದಲ್ಲಿದ್ದಾರೆ. ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆ ಮತ್ತು ಅಲ್ಲೇ ಇದ್ದ ಕಲಿಕೆಯ ಸಂಸ್ಥೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಹಳೆಯ ಹೆಸರಿನ ನೆನಪು ಇನ್ನೂ ಹೋಗಿಲ್ಲ. ಫಿಟ್ಸ್ ಬರುವ ಮಗಳನ್ನು ನಾಲ್ಕು ವರ್ಷ ಅಲ್ಲಿಗೆ ಕರೆದೊಯ್ಯದ ತಾಯಿಯೊಬ್ಬರು ನನಗೆ ಹೇಳಿದ್ದು ಇಷ್ಟು: "ಅಲ್ಲಿಗೆ ಹೋದ್ಲು ಅಂತ ಊರಿಗೆ ಗೊತ್ತಾದ್ರೆ ಮದುವೆ ಹೇಗೆ ಸಾರ್?" ಆ ನಾಲ್ಕು ವರ್ಷದಲ್ಲಿ ಆ ಹುಡುಗಿ ಒಲೆಯ ಮುಂದೆ ಎರಡು ಸಲ ಬಿದ್ದಿದ್ದಳು. ಕೈ ಸುಟ್ಟಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಎದುರು ಯಾರೇ ಕೂತರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ಯಾವಾಗ ಶುರುವಾಯಿತು? ತುಂಬ ಜನ "ಮೊದಲಿಂದಾನೂ ಹೀಗೇ" ಅಂದುಬಿಡುತ್ತಾರೆ. ಆದರೆ ನಮ್ಮ ಕೆಲಸದಲ್ಲಿ ಅರ್ಧ ಉತ್ತರ ಇರುವುದು ಆ ಪ್ರಶ್ನೆಯಲ್ಲೇ. ಕಣ್ಣು ಮಿಟುಕಿಸುವಷ್ಟರಲ್ಲಿ ಕೈ ಬಿದ್ದುಹೋದರೆ ಅದು ಹೆಚ್ಚಾಗಿ ರಕ್ತನಾಳದ ತೊಂದರೆ. ನಾಲ್ಕೈದು ದಿನದಲ್ಲಿ ಕಾಲಿನಿಂದ ಮೇಲಕ್ಕೆ ಶಕ್ತಿ ಹೋಗುತ್ತಾ ಬಂದರೆ ಅದು ನರದ ಉರಿಯೂತ ಇರಬಹುದು. ತಿಂಗಳುಗಟ್ಟಲೆ ಮೆಲ್ಲಗೆ ಹೋಗುತ್ತಿದ್ದರೆ ಬೇರೆ ಯೋಚನೆ ಮಾಡುತ್ತೇವೆ. ಕೈ ಅದೇ, ಸೋಲುವುದೂ ಅದೇ. ಸೋಲಲು ಎಷ್ಟು ಹೊತ್ತು ತೆಗೆದುಕೊಂಡಿತು ಅನ್ನುವುದು ಬೇರೆ. ಯಾವಾಗ ನ್ಯೂರಾಲಜಿಸ್ಟ್ ಹತ್ತಿರ ಹೋಗಬೇಕು ಅನ್ನುವುದಕ್ಕೂ ಇದೇ ಅಳತೆ. ಬೇಗ ಬಂದದ್ದಕ್ಕೆ ಬೇಗ ಓಡಬೇಕು.

ನಮ್ಮ ಸೋದರಮಾವನ ಕಥೆ ಹೇಳುತ್ತೇನೆ. ಅವರು ಊರಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಒಂದು ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯಲು ಹೋದ ಕೈ ಮುದ್ದೆಯನ್ನು ಹಿಡಿಯಲಿಲ್ಲ. ಅತ್ತೆ "ಯಾಕ್ರೀ?" ಅಂದರು. ಮಾವ "ಜೋಮು ಹಿಡಿದಿದೆ ಕಣೇ, ಮಲಗಿ ಎದ್ರೆ ಸರಿಹೋಗುತ್ತೆ" ಅಂದರು. ಆ ಮಾತೇ ಸ್ವಲ್ಪ ದಪ್ಪಗೆ ಬಂದಿತ್ತು ಅಂತ ಅತ್ತೆಗೆ ಆಮೇಲೆ ಹೊಳೆಯಿತು. ಬೆಳಿಗ್ಗೆ ನೋಡಿದರೆ ಬಲಗೈ, ಬಲಗಾಲು ಸ್ವಾಧೀನದಲ್ಲಿ ಇರಲಿಲ್ಲ. ಬಾಯಿ ಎಡಕ್ಕೆ ಎಳೆದಿತ್ತು. ಮಾತು ನಿಂತಿತ್ತು. ಲಕ್ವ ಹೊಡೆದಿದೆ ಅಂದರು. ಪಾರಿವಾಳದ ರಕ್ತ ಹಚ್ಚುವವರ ಹತ್ತಿರ ಕರೆದುಕೊಂಡು ಹೋದರು. ಆಸ್ಪತ್ರೆ ತಲುಪಿದ್ದು ಮೂರನೇ ದಿನ. ನಾನಾಗ ಎಂಬಿಬಿಎಸ್ ಎರಡನೇ ವರ್ಷದಲ್ಲಿದ್ದೆ. ಹಾಸ್ಟೆಲಿಗೆ ಸುದ್ದಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮಾವ ಆಮೇಲೆ ಹನ್ನೊಂದು ವರ್ಷ ಬದುಕಿದರು. ಎದುರಿನವರ ಮಾತು ಪೂರ್ತಿ ಅರ್ಥವಾಗುತ್ತಿತ್ತು. ಅವರ ಬಾಯಿಂದ ಬರುತ್ತಿದ್ದದ್ದು ಒಂದೇ ಪದ. "ಅದು." ಉಪ್ಪು ಬೇಕಾದರೂ ಅದು, ಮೊಮ್ಮಗಳನ್ನು ಕರೆಯಲೂ ಅದು. ಯಾರು ಎಷ್ಟು ಸಾಲ ತೆಗೆದುಕೊಂಡಿದ್ದಾರೆ ಅನ್ನುವ ಲೆಕ್ಕ ಅವರ ತಲೆಯಲ್ಲೇ ಇತ್ತು. ಅದನ್ನು ಹೇಳಲು ದಾರಿ ಇರಲಿಲ್ಲ. ನಾನು ಈ ಓದಿಗೆ ಬಂದದ್ದು ಆ ಒಂದು ಪದದಿಂದ.

ಆ ಕಾಲದಲ್ಲಿ ಬೇಗ ಕರೆತಂದಿದ್ದರೂ ಈಗಿನಷ್ಟು ಮಾಡಲು ಆಗುತ್ತಿರಲಿಲ್ಲ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನನ್ನು ಸ್ಟ್ರೋಕ್‌ಗೆ (ಅಂದರೆ ಲಕ್ವಕ್ಕೆ) ಬಳಸಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ 1996ರಲ್ಲಿ. ಈಗ ಅದು ನಮ್ಮಲ್ಲೂ ಇದೆ. ಆದರೆ ಅದನ್ನು ಕೊಡಬಹುದಾದದ್ದು ತೊಂದರೆ ಶುರುವಾದ ನಾಲ್ಕೂವರೆ ಗಂಟೆಯ ಒಳಗೆ. ಅದರಲ್ಲೂ ಮೊದಲ ಗಂಟೆಯಲ್ಲಿ ಕೊಟ್ಟರೆ ಆಗುವ ಲಾಭ ನಾಲ್ಕನೇ ಗಂಟೆಯಲ್ಲಿ ಇರುವುದಿಲ್ಲ. ದೊಡ್ಡ ರಕ್ತನಾಳ ಮುಚ್ಚಿದ್ದರೆ ತೊಡೆಯ ಸಂದಿಯಿಂದ ತೆಳುವಾದ ಕೊಳವೆ ಬಿಟ್ಟು ಹೆಪ್ಪನ್ನೇ ಹೊರಗೆ ಎಳೆಯಬಹುದು. ಅದಕ್ಕೆ ಆರು ಗಂಟೆ, ಆಯ್ದ ಕೆಲವರಿಗೆ 24 ಗಂಟೆಯವರೆಗೂ ಅವಕಾಶ ಉಂಟು. ದೊಡ್ಡ ರಕ್ತನಾಳ ಕಟ್ಟಿದಾಗ ಒಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ ಲೆಕ್ಕ ಹಾಕಿದ್ದಾರೆ. ಆಟೋ ಬರಲಿ ಅಂತ ಕಾಯುವ ಹತ್ತು ನಿಮಿಷವನ್ನು ಈ ಲೆಕ್ಕದಲ್ಲಿ ನೋಡಿ.

ಹಾಗಾಗಿ ಸ್ಟ್ರೋಕ್ ಅನ್ನಿಸಿದಾಗ ನ್ಯೂರಾಲಜಿಸ್ಟ್ ಯಾರಿದ್ದಾರೆ, ಅಪಾಯಿಂಟ್‌ಮೆಂಟ್ ಸಿಗುತ್ತಾ ಅಂತ ಹುಡುಕಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ. ಸಿಟಿ ಸ್ಕ್ಯಾನ್ ಇರುವ, ರಾತ್ರಿಯೂ ಈ ಇಂಜೆಕ್ಷನ್ ಕೊಡುವ ಆಸ್ಪತ್ರೆಗೆ ನೇರ ಹೋಗಿ. ನಿಮಗೆ ಹತ್ತಿರವಿರುವ ಅಂಥ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ. ಲಕ್ವ ಹೊಡೆದ ರಾತ್ರಿ ವಿಚಾರಿಸುತ್ತಾ ಕೂರಲು ಆಗುವುದಿಲ್ಲ.

ಗುರುತಿಸುವುದು ಕಷ್ಟ ಅಲ್ಲ. ನಗಲು ಹೇಳಿ, ಬಾಯಿ ಒಂದು ಕಡೆ ಎಳೆಯುತ್ತಾ ನೋಡಿ. ಎರಡೂ ಕೈ ಮುಂದಕ್ಕೆ ಚಾಚಲು ಹೇಳಿ, ಒಂದು ಕೈ ಕೆಳಗೆ ಜಾರುತ್ತಾ ನೋಡಿ. ಮನೆಯವರ ಹೆಸರು ಹೇಳಿಸಿ, ತೊದಲುತ್ತಾರಾ ಕೇಳಿ. ಇದ್ದಕ್ಕಿದ್ದಂತೆ ಒಂದು ಕಣ್ಣು ಕತ್ತಲಾದರೂ, ಎರಡೆರಡು ಕಂಡರೂ, ನಿಲ್ಲಲಾಗದಷ್ಟು ತೂಗಾಡಿದರೂ ಅದೂ ಸ್ಟ್ರೋಕ್ ಇರಬಹುದು. ಆಮೇಲೆ ಗಡಿಯಾರ ನೋಡಿ. ಅವರು ಕೊನೆಯ ಸಲ ಸರಿಯಾಗಿ ಇದ್ದದ್ದು ಎಷ್ಟು ಗಂಟೆಗೆ? ಮಲಗಿ ಎದ್ದಾಗ ಹೀಗಾಗಿದ್ದರೆ ಎದ್ದ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮಲಗಿದ ಹೊತ್ತನ್ನು ಹಿಡಿಯುತ್ತೇವೆ. ಬಾಯಿಗೆ ನೀರು, ಕಾಫಿ, ಮಾತ್ರೆ ಏನೂ ಹಾಕಬೇಡಿ. ನುಂಗಲು ಆಗದೆ ಶ್ವಾಸಕ್ಕೆ ಹೋಗಬಹುದು. "ಹಾರ್ಟಿಗೆ ಕೊಡ್ತಾರಲ್ಲ" ಅಂತ ಆಸ್ಪಿರಿನ್ ಕೊಡಬೇಡಿ. ಒಳಗೆ ರಕ್ತ ಕಟ್ಟಿದೆಯೋ ಸುರಿದಿದೆಯೋ ಸ್ಕ್ಯಾನ್ ಆಗುವವರೆಗೆ ನನಗೂ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಕೈ ಬಿತ್ತು, ಹತ್ತು ನಿಮಿಷಕ್ಕೆ ಸರಿಹೋಯಿತು, ಈಗ ಚೆನ್ನಾಗಿದ್ದಾರೆ. ಆಗಲೂ ಅದೇ ದಿನ ಹೋಗಬೇಕು. ಅಂಥವರಲ್ಲಿ ಕೆಲವರಿಗೆ ಮುಂದಿನ ಎರಡೇ ದಿನದಲ್ಲಿ ದೊಡ್ಡ ಸ್ಟ್ರೋಕ್ ಬರುತ್ತದೆ. ಅದನ್ನು ತಡೆಯುವ ಔಷಧಿ ಇದೆ. ಸರಿಹೋದದ್ದು ದೇವರು ಕೊಟ್ಟ ವೇಳೆ ಅಂತ ತಿಳಿದು ಹೊರಡಿ.

ಫಿಟ್ಸ್ ವಿಷಯ ಬೇರೆ. ಇಲ್ಲಿ ನನಗೆ ಬೇಕಾದ ಸಾಕ್ಷಿ ರೋಗಿ ಅಲ್ಲ. ಅವರಿಗೆ ಏನೂ ನೆನಪಿರುವುದಿಲ್ಲ. ನೋಡಿದವರು ಬರಬೇಕು. ಎಷ್ಟೋ ಸಲ ಅಪ್ಪ ಕೆಲಸಕ್ಕೆ ರಜೆ ಹಾಕಿ ಮಗನನ್ನು ಕರೆತರುತ್ತಾರೆ. "ಹೇಗೆ ಬಂತು?" ಅಂದರೆ "ನಾನು ನೋಡಿಲ್ಲ ಸಾರ್, ಇವರ ಅಜ್ಜಿ ನೋಡಿದ್ದು" ಅನ್ನುತ್ತಾರೆ. ಅಜ್ಜಿ ಊರಲ್ಲಿರುತ್ತಾರೆ. ನಾನು ಆಗಲೇ ಅಜ್ಜಿಗೆ ಫೋನ್ ಹಚ್ಚಿಸುತ್ತೇನೆ. ಅಜ್ಜಿ ಹೇಳುವ ಎರಡು ಮಾತು, "ಮೊದಲು ಬಾಯಿ ಚಪ್ಪರಿಸ್ತಾ ಇದ್ದ, ಆಮೇಲೆ ಬಲಗೈ ತಿರುಚಿಕೊಳ್ತು", ಎಂಆರ್‌ಐಗಿಂತ ಜಾಸ್ತಿ ಹೇಳಿಬಿಡುತ್ತದೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಮಗುವನ್ನು ಮಗ್ಗುಲಿಗೆ ಮಲಗಿಸಿದ ಮೇಲೆ ಇನ್ನೊಬ್ಬರು ವಿಡಿಯೋ ಮಾಡಲಿ. ನಾಚಿಕೆ ಬೇಡ. ಅದರಿಂದ ತುಂಬ ಉಪಕಾರ ಆಗುತ್ತದೆ.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ, ಚಪ್ಪಲಿ ಮೂಸಿಸುವುದು ನಮ್ಮಲ್ಲಿ ಇದೆ. ಹೆಚ್ಚಿನ ಸಲ ಫಿಟ್ಸ್ ಎರಡು ಮೂರು ನಿಮಿಷಕ್ಕೆ ತಾನಾಗೇ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಕೈಯಲ್ಲಿ ಬೀಗದ ಕೈ ಇರುತ್ತದೆ. ಕಬ್ಬಿಣದಿಂದ ನಿಂತಿತು ಅಂತ ನಂಬಿಕೆ ಬರುತ್ತದೆ. ಮಾಡಬೇಕಾದದ್ದು ಇಷ್ಟೇ. ಮಗ್ಗುಲಿಗೆ ತಿರುಗಿಸಿ. ತಲೆಯ ಕೆಳಗೆ ಮೆತ್ತಗೆ ಏನಾದರೂ ಇಡಿ. ಬಾಯಲ್ಲಿ ಚಮಚ, ಬೆರಳು ಏನೂ ಇಡಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಆಗುವ ಮೊದಲೇ ಇನ್ನೊಂದು ಬಂದರೆ ಆಸ್ಪತ್ರೆಗೆ. ಜೀವನದಲ್ಲಿ ಮೊದಲ ಸಲ ಬಂದ ಫಿಟ್ಸ್ ಆದರೆ ನಿಂತ ಮೇಲೂ ತೋರಿಸಲೇಬೇಕು. ತಾಯತ ಕಟ್ಟಿಸಿ, ಹರಕೆ ಹೊತ್ತುಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಮಾತ್ರೆಯನ್ನೂ ಕೊಡಿ. ಸರಿಯಾದ ಮಾತ್ರೆಯನ್ನು ಬಿಡದೆ ತೆಗೆದುಕೊಂಡರೆ ಹತ್ತರಲ್ಲಿ ಏಳು ಜನಕ್ಕೆ ಫಿಟ್ಸ್ ಬರದೇ ಇರುವಂತೆ ಮಾಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ಹಳೇ ಮೈಸೂರಿನ ಕಡೆ ಜಾಸ್ತಿ ಕಾಣುವ ಒಂದು ಫಿಟ್ಸ್ ಇದೆ. ಬಿಸಿನೀರಿನ ಫಿಟ್ಸ್. ಹಂಡೆಯ ಸುಡುನೀರನ್ನು ಚೊಂಬಿನಲ್ಲಿ ಮೊಗೆಮೊಗೆದು ತಲೆಗೆ ಹುಯ್ದುಕೊಳ್ಳುವುದು ನಮ್ಮ ಅಭ್ಯಾಸ. ಹಾಗೆ ಹುಯ್ದುಕೊಳ್ಳುವಾಗ ಕೆಲವರಿಗೆ ಮಂಕು ಕವಿಯುತ್ತದೆ. ನೋಟ ಒಂದು ಕಡೆ ನೆಟ್ಟುಬಿಡುತ್ತದೆ. ಸಂಬಂಧವಿಲ್ಲದ ಮಾತು ಬರುತ್ತದೆ. ಕೆಲವರು ನಿಲ್ಲಿಸಲಾಗದೆ ನೀರು ಹುಯ್ದುಕೊಳ್ಳುತ್ತಲೇ ಇರುತ್ತಾರೆ. ಕೆಲವರು ಪ್ರಜ್ಞೆ ತಪ್ಪಿ ಬೀಳುತ್ತಾರೆ. 1988ರಲ್ಲಿ ನಿಮ್ಹಾನ್ಸ್ ವೈದ್ಯರು ಇಂಥ 279 ಜನರ ವಿವರವನ್ನು ಪ್ರಕಟಿಸಿದರು. ಯಳಂದೂರಿನಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯಲ್ಲೂ ಇದು ಕಂಡುಬಂತು. ಪ್ರಪಂಚದ ಬೇರೆ ಕಡೆಯ ಎಷ್ಟೋ ನ್ಯೂರಾಲಜಿಸ್ಟ್‌ಗಳು ಪುಸ್ತಕದಲ್ಲಿ ಮಾತ್ರ ಓದಿರುವ ಕಾಯಿಲೆ ಇದು. ನಮ್ಮ ಬಚ್ಚಲುಮನೆಗಳಲ್ಲಿ ಇದೆ.

ಆದರೂ ಇದನ್ನು ಹೇಳಿಕೊಂಡು ಬರುವವರು ಕಡಿಮೆ. "ತಲೆಗೆ ಸ್ನಾನ ಮಾಡಿದ್ರೆ ಗಾಳಿ ಮೆಟ್ಟುತ್ತೆ" ಅಂತ ಸುಮ್ನೆ ಇದ್ದುಬಿಡುತ್ತಾರೆ. ಬೇರೆ ಹೊತ್ತಿನಲ್ಲಿ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ, ಮಾಡಿದರೆ ಹೆಚ್ಚಿನವರಲ್ಲಿ ಸರಿಯಾಗೇ ಬರುತ್ತದೆ. ಹಾಗಾಗಿ ಬಚ್ಚಲಲ್ಲಿ ಏನಾಯಿತು ಅಂತ ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು. ನೀರಿನ ಬಿಸಿ ಇಳಿಸಿದರೆ ಎಷ್ಟೋ ಜನಕ್ಕೆ ಅಷ್ಟೇ ಸಾಕು. ಬಾಗಿಲಿನ ಚಿಲಕ ಹಾಕದೆ ಸ್ನಾನ ಮಾಡಿ. ಕೆಲವರಿಗೆ ತಲೆಸ್ನಾನದ ದಿನ ಮುಂಚೆಯೇ ಒಂದು ಮಾತ್ರೆ ಕೊಡುತ್ತೇವೆ. ಕೆಲವರಿಗೆ ಮುಂದೆ ಬಿಸಿನೀರಿಲ್ಲದೆಯೂ ಫಿಟ್ಸ್ ಬರಬಹುದು. ಅದಕ್ಕೇ ತೋರಿಸಬೇಕು ಅನ್ನುವುದು.

ಮದುವೆಯ ಮಾತು ಎತ್ತಿದೆ. ಹಿಂದೂ ವಿವಾಹ ಕಾನೂನಿನಲ್ಲಿ ಒಂದು ಕಾಲಕ್ಕೆ ಫಿಟ್ಸ್ ಇದ್ದವರ ಮದುವೆಗೆ ಅಡ್ಡಿ ಇತ್ತು. 1999ರಲ್ಲಿ ಅದನ್ನು ತೆಗೆದುಹಾಕಿದರು. ಕಾನೂನು ಬಿಟ್ಟರೂ ನಾವು ಬಿಟ್ಟಿಲ್ಲ. ಮುಚ್ಚಿಟ್ಟು ಮದುವೆ ಮಾಡುತ್ತಾರೆ. ಗಂಡನ ಮನೆಯಲ್ಲಿ ಮಾತ್ರೆ ನುಂಗಲು ಹೆದರಿ ಹುಡುಗಿ ಮಾತ್ರೆ ಬಿಡುತ್ತಾಳೆ, ಮತ್ತೆ ಬೀಳುತ್ತಾಳೆ. ಈ ಸಂಕಟವನ್ನು ನಾನು ಎಷ್ಟು ಸಲ ನೋಡಿದ್ದೇನೋ. ದಯವಿಟ್ಟು ಹೇಳಿಯೇ ಮದುವೆ ಮಾಡಿ. ಬಸುರಿಯಾಗುವ ಮೊದಲು ಒಂದು ಸಲ ನಮ್ಮನ್ನು ಕಾಣಲಿ. ಕೆಲವು ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಆಗುವುದಿಲ್ಲ. ಮುಂಚೆಯೇ ಬದಲಾಯಿಸುತ್ತೇವೆ. ತಾವೇ ನಿಲ್ಲಿಸಬಾರದು.

ತಲೆನೋವು ಯಾರಿಗಿಲ್ಲ ಹೇಳಿ. ಬೆಂಗಳೂರಿನ ನಗರ ಮತ್ತು ಹಳ್ಳಿ ಭಾಗಗಳಲ್ಲಿ ಮಾಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನೂರರಲ್ಲಿ 64 ಜನಕ್ಕೆ ಒಂದು ವರ್ಷದಲ್ಲಿ ತಲೆನೋವು ಬಂದಿತ್ತು. 25 ಜನಕ್ಕೆ ಇದ್ದದ್ದು ಮೈಗ್ರೇನ್. ಅಂದರೆ ನಾಲ್ವರಲ್ಲಿ ಒಬ್ಬರು. ಇವರೆಲ್ಲ ನ್ಯೂರಾಲಜಿಸ್ಟ್ ಹತ್ತಿರ ಬರಬೇಕಿಲ್ಲ, ಬಂದರೆ ನಾವು ನೋಡಿ ಮುಗಿಸಲೂ ಆಗುವುದಿಲ್ಲ. ನಿಮ್ಮ ಊರಿನ ಡಾಕ್ಟರೇ ಸಾಕು. ಅಂಗಡಿಯಲ್ಲಿ ಮಾತ್ರೆ ತೆಗೆದುಕೊಳ್ಳುವುದು ತಿಂಗಳಿಗೆ ಹತ್ತು ದಿನ ದಾಟಿತು ಅಂದರೆ ಮಾತ್ರ ಬನ್ನಿ. ಆ ಮಾತ್ರೆಯಿಂದಲೇ ತಲೆನೋವು ಬರಲು ಶುರುವಾಗಿರಬಹುದು.

ತಕ್ಷಣ ಹೊರಡಬೇಕಾದ ತಲೆನೋವು ಬೇರೆ. ಸಿಡಿಲು ಹೊಡೆದ ಹಾಗೆ ಒಂದೇ ಕ್ಷಣಕ್ಕೆ ಜನ್ಮದಲ್ಲಿ ಕಾಣದಷ್ಟು ಬಂದರೆ. ಜ್ವರ ಬಂದು ಕತ್ತು ಬಗ್ಗಿಸಲು ಆಗದಿದ್ದರೆ. ಈ ಎರಡಕ್ಕೂ ಆಗಲೇ ಹೊರಡಿ. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾಗಿ ದಿನದಿನಕ್ಕೆ ಏರುತ್ತಿದ್ದರೆ ಅದೇ ವಾರ ತೋರಿಸಿ.

ಬಾಣಂತಿಯ ತಲೆನೋವಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇಲ್ಲಿ ಅಜ್ಜಿಯಂದಿರು, ಅಮ್ಮಂದಿರು ಜಾಸ್ತಿ ಇದ್ದೀರಿ, ಅದಕ್ಕೇ. ಬಾಣಂತಿಗೆ ನೀರು ಕೊಡಬಾರದು, ಹೊಟ್ಟೆ ಬರುತ್ತೆ, ಮಗುವಿಗೆ ಶೀತ ಆಗುತ್ತೆ ಅಂತ ಎಷ್ಟೋ ಮನೆಗಳಲ್ಲಿ ದಿನಕ್ಕೆ ಎರಡು ಲೋಟಕ್ಕೆ ಕಟ್ಟುಮಾಡುತ್ತಾರೆ. ಹೆರಿಗೆಯಾದ ಮೈಯಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಮೊದಲೇ ಹೆಚ್ಚಿರುತ್ತದೆ. ರಕ್ತಸ್ರಾವ ನಿಲ್ಲಲಿ ಅಂತ ಪ್ರಕೃತಿ ಮಾಡಿದ ಏರ್ಪಾಡು ಅದು. ಅದರ ಮೇಲೆ ನೀರೂ ಇಲ್ಲ ಅಂದರೆ ಮೆದುಳಿನಿಂದ ರಕ್ತ ವಾಪಸ್ ಒಯ್ಯುವ ನಾಳದಲ್ಲೇ ಹೆಪ್ಪು ಕಟ್ಟಬಹುದು. ಮೊದಲು ತಲೆನೋವು. ಆಮೇಲೆ ವಾಂತಿ, ಕಣ್ಣು ಮಂಜು. ಆಮೇಲೆ ಫಿಟ್ಸ್, ಇಲ್ಲವೇ ಒಂದು ಕೈ ಕಾಲು ಬೀಳುವುದು. ಇದನ್ನು "ಬಾಣಂತಿ ಸನ್ನಿ" ಅಂತ ಮನೆಯಲ್ಲಿ ಇಟ್ಟುಕೊಂಡರೆ ಜೀವ ಹೋಗುತ್ತದೆ. ಬೇಗ ಬಂದರೆ ರಕ್ತ ತೆಳುವಾಗಿಸುವ ಔಷಧಿಯಲ್ಲಿ ಹೆಚ್ಚಿನವರು ಪೂರ್ತಿ ಹುಷಾರಾಗಿ ಮಗು ಎತ್ತಿಕೊಂಡು ನಡೆದೇ ಮನೆಗೆ ಹೋಗುತ್ತಾರೆ. ನಾನು ಮಾಡುವ ಕೆಲಸದಲ್ಲಿ ಇಷ್ಟು ಸಂತೋಷ ಕೊಡುವ ದೃಶ್ಯ ಇನ್ನೊಂದಿಲ್ಲ. ಬಾಣಂತಿಗೆ ಬಾಯಾರಿದಷ್ಟೂ ನೀರು ಕೊಡಿ. ಬಿಸಿ ಮಾಡಿ ಆರಿಸಿದ್ದೇ ಆಗಲಿ, ಕೊಡಿ.

ಇನ್ನು ಕೆಲವು ದಿನದಲ್ಲಿ ಬರುವವು. 2025ರ ಜನವರಿಯಲ್ಲಿ ಪುಣೆಯಲ್ಲಿ ಒಟ್ಟೊಟ್ಟಿಗೆ ತುಂಬ ಜನಕ್ಕೆ ಬಂದ ಜಿಬಿಎಸ್ ಅನ್ನುವ ನರದ ಉರಿಯೂತದ ಕಾಯಿಲೆಯ ಸುದ್ದಿ ನೀವು ಓದಿರಬಹುದು. ಭೇದಿಯೋ ಜ್ವರವೋ ಬಂದು ಹೋದ ಒಂದೆರಡು ವಾರದ ಮೇಲೆ ಪಾದದಲ್ಲಿ ಜೋಮು ಹಿಡಿಯುತ್ತದೆ. ನಾಳೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ನಾಳಿದ್ದು ಕೂತಲ್ಲಿಂದ ಏಳಲು ಆಗುವುದಿಲ್ಲ. ಹೀಗೆ ಮೇಲೇರುತ್ತಾ ಬಂದರೆ ಅದು ಉಸಿರಾಟಕ್ಕೂ ಬರಬಹುದು. ವಾರ ಕಾಯಬೇಡಿ. ಹಾಗೆಯೇ ಬೆನ್ನುನೋವಿನ ಜೊತೆ ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗ ಮರಗಟ್ಟಿದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಬರೀ ಬೆನ್ನುನೋವಿಗೆ ನ್ಯೂರಾಲಜಿಸ್ಟ್ ಬೇಕಿಲ್ಲ.

ಮೆಲ್ಲಗೆ ಬರುವ ಕಾಯಿಲೆಗಳಲ್ಲಿ ಜನ ಮೋಸ ಹೋಗುವುದು ವಯಸ್ಸಿನ ಹೆಸರಿನಲ್ಲಿ. "ವಯಸ್ಸಾಯ್ತಲ್ಲ" ಅಂದುಬಿಟ್ಟರೆ ಮುಗಿಯಿತು. ಅಪ್ಪ ನಡೆಯುವಾಗ ಒಂದು ಕೈ ಬೀಸುತ್ತಿಲ್ಲ. ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ, ಅಕ್ಷರ ಚಿಕ್ಕದಾಗುತ್ತಿದೆ. ಒಗ್ಗರಣೆಯ ವಾಸನೆ ಗೊತ್ತಾಗುತ್ತಿಲ್ಲ. ಸುಮ್ಮನೆ ತೊಡೆಯ ಮೇಲೆ ಕೈ ಇಟ್ಟುಕೊಂಡಾಗ ಹೆಬ್ಬೆರಳು ನಡುಗುತ್ತದೆ. ಇದು ಪಾರ್ಕಿನ್ಸನ್ ಇರಬಹುದು. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಅನ್ನುವ ವೈದ್ಯರು ಇದನ್ನು ವಿವರಿಸಿದರು. ನಮ್ಮ ಆಯುರ್ವೇದದಲ್ಲಿ ಕಂಪವಾತ ಅಂತ ಕರೆದಿದ್ದಾರೆ. ಕಾಫಿ ಲೋಟ ಎತ್ತುವಾಗ ಮಾತ್ರ ನಡುಗುವುದು ಬೇರೆ ಕಾಯಿಲೆ. ಅದು ಮನೆತನದಲ್ಲಿ ಬರುತ್ತದೆ, ಅಷ್ಟು ಭಯ ಬೇಡ. ಇನ್ನೊಂದು ಎಚ್ಚರಿಕೆ. ತಲೆಸುತ್ತಿಗೆ ಅಂತ ಎಂದೋ ಬರೆದುಕೊಟ್ಟ ಸಿನ್ನರಿಜಿನ್ ಮಾತ್ರೆಯನ್ನು ವರ್ಷಗಟ್ಟಲೆ ಅಂಗಡಿಯಿಂದ ತಂದು ನುಂಗುವವರು ಇದ್ದಾರೆ. ವಯಸ್ಸಾದವರಲ್ಲಿ ಆ ಮಾತ್ರೆಯೇ ಪಾರ್ಕಿನ್ಸನ್ ಥರ ನಡುಕ ತರಬಹುದು. ನಿಲ್ಲಿಸಿದರೆ ಮೆಲ್ಲಗೆ ಇಳಿಯುತ್ತದೆ. ಅದಕ್ಕೇ ನಾನು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ ಅನ್ನುವುದು.

ಅಂಗಾಲು ಉರಿ, ಜೋಮು ಅಂದರೆ ಮೊದಲು ಸಕ್ಕರೆ ನೋಡಿಸಿ, ಬಿ12 ನೋಡಿಸಿ. ಬಿ12 ತರಕಾರಿಯಲ್ಲಿ ಇರುವುದಿಲ್ಲ. ಹಾಲು ಮೊಸರೂ ಕಡಿಮೆ ಇರುವ ಸಸ್ಯಾಹಾರಿ ಮನೆಗಳಲ್ಲಿ, ಸಕ್ಕರೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಕಡಿಮೆಯಾಗುತ್ತದೆ. ಮೈಮೇಲೆ ಮುಟ್ಟಿದ್ದು ಗೊತ್ತಾಗದ ಬಿಳಿಚಿದ ಮಚ್ಚೆ ಇದ್ದರೆ ಅದು ಕುಷ್ಠ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ.

ಮರೆವು. 60 ದಾಟಿದ ಭಾರತೀಯರಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದೆ ಅಂತ ಈಚಿನ ಅಂದಾಜು. ಬೀಗದ ಕೈ ಎಲ್ಲಿಟ್ಟೆ ಅಂತ ಮರೆಯುವುದು ನನಗೂ ಇದೆ. ನಲವತ್ತು ವರ್ಷ ಮಾಡಿದ ಸಾರು ಮಾಡುವ ಕ್ರಮವೇ ಮರೆತರೆ ತೋರಿಸಬೇಕು. ಎಲ್ಲ ಮರೆವೂ ವಾಸಿಯಾಗದ್ದಲ್ಲ. ಥೈರಾಯ್ಡ್ ಇರಬಹುದು, ಬಿ12 ಇರಬಹುದು, ಮನಸ್ಸು ಕುಗ್ಗಿರಬಹುದು. ವಯಸ್ಸಾದವರು ಬಿದ್ದಾಗ ತಲೆಗೆ ಸಣ್ಣ ಪೆಟ್ಟಾಗಿ ಬುರುಡೆಯ ಒಳಗೆ ವಾರಗಟ್ಟಲೆ ಮೆಲ್ಲಗೆ ರಕ್ತ ಸೇರುತ್ತಿರಬಹುದು. ಅದನ್ನು ಒಂದು ಸಣ್ಣ ಆಪರೇಷನ್ನಿನಲ್ಲಿ ತೆಗೆದರೆ ಎಷ್ಟೋ ಸಲ ಮನುಷ್ಯ ಮೊದಲಿನಂತೆ ಆಗುತ್ತಾರೆ.

ಸ್ಕ್ಯಾನ್ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. "ಎಂಆರ್‌ಐ ಮಾಡಿಸ್ಕೊಂಡೇ ಬಂದುಬಿಡ್ತೀವಿ ಡಾಕ್ಟ್ರೇ" ಅನ್ನುತ್ತಾರೆ. ಎಲ್ಲಿಯದು, ಯಾವುದನ್ನು ಹುಡುಕಲು ಅಂತ ಗೊತ್ತಿಲ್ಲದೆ ಮಾಡಿಸಿದ ಸ್ಕ್ಯಾನ್ ದುಡ್ಡಿಗೆ ದಂಡ. ನಲವತ್ತು ದಾಟಿದ ಎಷ್ಟೋ ಜನರ ಬೆನ್ನಿನ ಎಂಆರ್‌ಐಯಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ, ಅವರಿಗೆ ಬೆನ್ನುನೋವೇ ಇರುವುದಿಲ್ಲ. ಮೊದಲು ನಾನು ಕಥೆ ಕೇಳಬೇಕು. ನೀವು ನಡೆಯುವುದನ್ನು ನೋಡಬೇಕು. ಸುತ್ತಿಗೆಯಿಂದ ಮಂಡಿ ತಟ್ಟಬೇಕು, ಕಣ್ಣಿಗೆ ಟಾರ್ಚ್ ಬಿಡಬೇಕು. ಆಮೇಲೆ ಬೇಕಾದರೆ ಸ್ಕ್ಯಾನ್.

ಪ್ರಶ್ನೆಗಳು ಬಂದವು. ಬೆಂಗಳೂರಿಗೇ ಹೋಗಬೇಕಾ ಅಂತ ಒಬ್ಬರು ಕೇಳಿದರು. ದೇಶಕ್ಕೆಲ್ಲ ಕೆಲವೇ ಸಾವಿರ ನ್ಯೂರಾಲಜಿಸ್ಟ್‌ಗಳಿದ್ದಾರೆ, ಹೆಚ್ಚಿನವರು ದೊಡ್ಡ ಊರುಗಳಲ್ಲೇ. ಅದಕ್ಕಾಗಿಯೇ 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮೆದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಮೊದಲು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಜಯನಗರ. ಆಮೇಲೆ ಬೇರೆ ಜಿಲ್ಲೆಗಳಿಗೂ ಬಂತು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಯಾವ ದಿನ ಅಂತ ಕೇಳಿ.

ಮಗನಿಗೆ ಕೊನೆಯ ಫಿಟ್ಸ್ ಬಂದು ಎರಡು ವರ್ಷ ಆಯಿತು, ಮಾತ್ರೆ ನಿಲ್ಲಿಸಲೇ ಅಂತ ಇನ್ನೊಬ್ಬರು. ನಿಲ್ಲಿಸುವ ಕಾಲ ಬಂದಿರಬಹುದು. ಆದರೆ ಒಂದೇ ದಿನ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ಇಳಿಸುತ್ತಾ ಬರಬೇಕು, ಬರೆದುಕೊಟ್ಟ ಡಾಕ್ಟರೇ ಇಳಿಸಬೇಕು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತರು. "ಡಾಕ್ಟ್ರೇ, ನಮ್ಮತ್ತೆಗೆ ಮರೆವು. ಎಪ್ಪತ್ತಾರು ವರ್ಷ. ವಯಸ್ಸಾಗಿದೆ ಅಂತ ಸುಮ್ನಿದ್ದೆವು."

"ಯಾವಾಗ ಶುರುವಾಯ್ತಮ್ಮ?"

"ಮೊದಲಿಂದಾನೂ ಸ್ವಲ್ಪ..." ಅಂದು ನಿಲ್ಲಿಸಿದರು. ಯೋಚನೆ ಮಾಡಿದರು. "ಇಲ್ಲ ಡಾಕ್ಟ್ರೇ. ದೀಪಾವಳಿಗೆ ಕಜ್ಜಾಯ ಅವರೇ ಮಾಡಿದ್ರು. ಪಾಕ ನಮಗೆ ಯಾರಿಗೂ ಬರಲ್ಲ. ಈಗ ಒಂದು ತಿಂಗಳಿಂದ ಮಧ್ಯಾಹ್ನ ಪೂರ್ತಿ ಮಲಗೇ ಇರ್ತಾರೆ. ಮೊನ್ನೆ ನನ್ನನ್ನೇ ಯಾರು ಅಂದ್ರು. ನಡೆಯೋವಾಗ ಎಡಗಾಲು ಎಳೀತಾರೆ."

"ದೀಪಾವಳಿ ಆಸುಪಾಸಿನಲ್ಲಿ ಎಲ್ಲಾದರೂ ಬಿದ್ದಿದ್ದರಾ?"

"ಎಣ್ಣೆ ನೀರು ಹಾಕೋ ದಿನ ಬಚ್ಚಲಲ್ಲಿ ಜಾರಿದ್ರು. ಗೋಡೆಗೆ ತಲೆ ತಾಗಿತ್ತು. ರಕ್ತ ಗಿಕ್ತ ಏನೂ ಬರಲಿಲ್ಲ, ಎದ್ದು ಕೂತ್ರು. ಅವತ್ತು ಏನೂ ಅನ್ನಿಸಲೇ ಇಲ್ಲ."

ಸಭೆ ಮುಗಿಯಲು ಇನ್ನೂ ಹತ್ತು ನಿಮಿಷ ಇತ್ತು. ಮನೆ ಎಷ್ಟು ದೂರ ಅಂತ ಕೇಳಿದೆ. ಎರಡು ಕಿಲೋಮೀಟರ್ ಅಂದರು. "ಹಾಗಾದರೆ ಈಗಲೇ ಹೋಗಿ ಕರೆದುಕೊಂಡು ಆಸ್ಪತ್ರೆಗೆ ಬಂದುಬಿಡಿ ತಾಯಿ. ನಾನೂ ಅಲ್ಲಿಗೇ ಬರುತ್ತೇನೆ. ಅವರು ನುಂಗುವ ಮಾತ್ರೆಗಳನ್ನೂ ತನ್ನಿ. ಸಿಟಿ ಇವತ್ತೇ ಮಾಡಿಸೋಣ."